ಎ ಇ ಐ ಓ ಯು ಇಲ್ಲದ ಇಂಗ್ಲಿಷ್ ಪದಗಳು: ತಪ್ಪಿಲ್ಲದೆ ಬರೆಯುವುದು, ಆಟದಲ್ಲಿ ಬಳಸುವುದು ಹೇಗೆ?

‘ರಿದಮ್’ ಪದವನ್ನು ಡಿಕ್ಟೇಷನ್‌ಗೆ ಕೊಟ್ಟರೆ ಸಾಮಾನ್ಯವಾಗಿ ಮೂರು ಬಗೆಯ ತಪ್ಪು ಕಾಣಿಸುತ್ತದೆ. ಕೆಲವರು ಆರ್ ಪಕ್ಕದ ಎಚ್ ಬಿಡುತ್ತಾರೆ. ಕೆಲವರು ವೈ ಜಾಗದಲ್ಲಿ ಐ ಬರೆಯುತ್ತಾರೆ. ಇನ್ನೂ ಹೆಚ್ಚಿನವರು ಕೊನೆಯ ಎಂ ಹಿಂದೆ ಒಂದು ಇ ಅಥವಾ ಯು ತುರುಕುತ್ತಾರೆ. ಈ ಮೂರನೆಯ ತಪ್ಪಿನ ಹಿಂದೆ ಶಾಲೆಯಲ್ಲೇ ಕಲಿತ ಒಂದು ಅರ್ಧಸತ್ಯವಿದೆ: ಎ, ಇ, ಐ, ಓ, ಯು ಇವೇ ಸ್ವರಗಳು, ಇವುಗಳಲ್ಲಿ ಒಂದಾದರೂ ಇಲ್ಲದೆ ಇಂಗ್ಲಿಷ್ ಪದ ಆಗುವುದೇ ಇಲ್ಲ ಎಂಬುದು. ನಿತ್ಯ ಬಳಸುವ ಮೈ, ‘ಏಕೆ’ ಎಂಬರ್ಥದ ವೈ, ಸ್ಕೈ, ಜಿಮ್ ಪದಗಳೇ ಈ ಮಾತನ್ನು ಸುಳ್ಳು ಮಾಡುತ್ತವೆ.

ಆ ಐದೂ ಅಕ್ಷರಗಳು ಮಾತ್ರ. ಇಂಗ್ಲಿಷಿನ ಸ್ವರಧ್ವನಿಗಳು ಸುಮಾರು 20 ಇವೆ. ಐದು ಅಕ್ಷರಕ್ಕೆ ಇಷ್ಟು ಕೆಲಸ ಹೊರಲಾಗದು, ಆದ್ದರಿಂದ ವೈ ಆಗಾಗ ಸ್ವರದ ಕೆಲಸಕ್ಕೆ ನಿಲ್ಲುತ್ತದೆ. ಅಪರೂಪಕ್ಕೆ ಡಬ್ಲ್ಯೂ ನಿಲ್ಲುತ್ತದೆ. ಕೆಲವೊಮ್ಮೆ ಎಂ, ಆರ್, ಎಸ್-ಎಚ್ ಇಂಥ ವ್ಯಂಜನಗಳೇ ಉದ್ದ ಎಳೆದುಕೊಂಡು ಪದವಾಗುತ್ತವೆ. ಹಾಗಾಗಿ ಇವುಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ದಂಡ. ಸ್ವರದ ಜಾಗದಲ್ಲಿ ಯಾವ ಅಕ್ಷರ ಕೂತಿದೆ, ಅಲ್ಲಿಗೆ ಯಾಕೆ ಬಂತು ಎಂದು ತಿಳಿದರೆ ಬಹುಪಾಲು ಪದಗಳು ತಾವಾಗಿ ಕೈಗೆ ಬರುತ್ತವೆ.

ಕೆಳಗೆ ಪದಗಳ ಸ್ಪೆಲಿಂಗನ್ನು ಅಕ್ಷರದ ಹೆಸರುಗಳಲ್ಲೇ ಕೊಟ್ಟಿದೆ: ಜಿಮ್ ಎಂದರೆ ಜಿ-ವೈ-ಎಂ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆಯುತ್ತಾ ಓದಿ. ಸ್ಪೆಲಿಂಗ್ ಕಣ್ಣಿಗಿಂತ ಕೈಗೆ ಬೇಗ ಹತ್ತುತ್ತದೆ.

ಮೊದಲ ಹೆಜ್ಜೆ: ಕನ್ನಡದಲ್ಲಿ ಬರೆದು ಗುಡಿಸು ಹುಡುಕಿ

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಕಾಗುಣಿತದಲ್ಲಿ ಸ್ವರ ಬಚ್ಚಿಟ್ಟುಕೊಳ್ಳುವುದಿಲ್ಲ, ಗುಡಿಸಾಗಿಯೋ ಐತ್ವವಾಗಿಯೋ ಕಣ್ಣೆದುರೇ ಇರುತ್ತದೆ. ಆದ್ದರಿಂದ ಪದ ಕೇಳಿದ ಕೂಡಲೇ ಅದನ್ನು ಕನ್ನಡದಲ್ಲಿ ಬರೆದುಕೊಳ್ಳಿ.

‘ಜಿಮ್’ ಎಂದು ಬರೆದರೆ ಜ-ಕಾರಕ್ಕೆ ಗುಡಿಸು ಇದೆ, ಮ್ ಅರ್ಧಾಕ್ಷರ. ಗುಡಿಸಿನ ಜಾಗಕ್ಕೆ ವೈ ಇಡಿ: ಜಿ-ವೈ-ಎಂ. ‘ಸ್ಕೈ’ ಬರೆದರೆ ಐತ್ವ ಇದೆ, ಅಲ್ಲಿಗೂ ವೈ: ಎಸ್-ಕೆ-ವೈ. ‘ಪಿಗ್ಮಿ’ಯಲ್ಲಿ ಎರಡು ಗುಡಿಸು, ಎರಡು ವೈ: ಪಿ-ವೈ-ಜಿ-ಎಂ-ವೈ. ‘ಡ್ರೈಲಿ’ಯಲ್ಲಿ ಒಂದು ಐತ್ವ, ಒಂದು ಗುಡಿಸು, ಅಲ್ಲೂ ಎರಡು ವೈ: ಡಿ-ಆರ್-ವೈ-ಎಲ್-ವೈ.

ಈ ವಿಧಾನ ಎಷ್ಟು ನೇರವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ‘ಸಿಝಿಜಿ’ ನೋಡಿ. ಸೂರ್ಯ, ಭೂಮಿ, ಚಂದ್ರ ಒಂದೇ ಗೆರೆಯಲ್ಲಿ ಬರುವ ಸ್ಥಿತಿಗೆ ಖಗೋಳಶಾಸ್ತ್ರದಲ್ಲಿ ಈ ಹೆಸರು. ಪ್ರತಿ ಅಮಾವಾಸ್ಯೆಗೂ ಹುಣ್ಣಿಮೆಗೂ ಇದು ಆಗುತ್ತದೆ, ಕರಾವಳಿಯಲ್ಲಿ ಆ ದಿನಗಳ ಆಸುಪಾಸಿನಲ್ಲಿ ಭರತ ಜೋರಾಗುವುದೂ ಇದರಿಂದಲೇ. ನೋಡಲು ಭಯ ಹುಟ್ಟಿಸುವ ಸ್ಪೆಲಿಂಗ್. ಆದರೆ ಕನ್ನಡದಲ್ಲಿ ಮೂರು ವ್ಯಂಜನ, ಮೂರು ಗುಡಿಸು, ಅಷ್ಟೇ: ಎಸ್-ವೈ, ಝಡ್-ವೈ, ಜಿ-ವೈ.

ಇಷ್ಟಾದರೂ ಗುಡಿಸು ಕಂಡಲ್ಲೆಲ್ಲ ವೈ ಬರೆಯಲಾಗದು. ಫಿಶ್, ಕಿಂಗ್, ಮಿಲ್ಕ್ ಇವುಗಳಲ್ಲಿ ಇರುವುದು ಐ. ಯಾವಾಗ ವೈ, ಯಾವಾಗ ಐ ಎಂಬ ತೀರ್ಮಾನಕ್ಕೆ ಪದದ ಜಾಗ ಮತ್ತು ಮನೆತನ ಎರಡೂ ಬೇಕು.

ವೈ ಕೊನೆಯಲ್ಲಿದ್ದಾಗ

ಇದು ಸುಲಭದ ಭಾಗ. ಹಳೆಯ ಇಂಗ್ಲಿಷ್ ಪದಗಳು ಐ ಅಕ್ಷರದಲ್ಲಿ ಕೊನೆಯಾಗಲು ಒಪ್ಪುವುದಿಲ್ಲ, ಆ ಜಾಗ ವೈಗೆ ಮೀಸಲು. ಒಂದೇ ಉಸಿರಿನ, ಎಂದರೆ ಒಂದೇ ಸಿಲಬಲ್‌ನ ಪದದ ಕೊನೆಗೆ ‘ಐ’ ಧ್ವನಿ ಬಂದರೆ ವೈ ಬರೆಯಿರಿ: ಬೈ, ಮೈ, ವೈ, ಕ್ರೈ, ಡ್ರೈ, ಫ್ಲೈ, ಫ್ರೈ, ಟ್ರೈ, ಶೈ, ಸ್ಕೈ, ಸ್ಲೈ, ಸ್ಪೈ, ಪ್ರೈ. ‘ರೈ’ ಎಂದು ಕೇಳಿಸುವ ಒಂದು ಪದಕ್ಕೆ ಮುಂದೆ ಮೂಕ ಡಬ್ಲ್ಯೂ ಇದೆ: ಡಬ್ಲ್ಯೂ-ಆರ್-ವೈ, ತುಟಿ ಓರೆ ಮಾಡಿದ ನಗೆಯ ಬಗ್ಗೆ ಹೇಳುವಾಗ ಬರುವ ಪದ. ಇದೇ ಧ್ವನಿಯ ಇನ್ನೊಂದು ಪದ ಧಾನ್ಯದ ಹೆಸರು, ಅದಕ್ಕೆ ಕೊನೆಯಲ್ಲಿ ಇ ಇದೆ.

ಟ್ಯಾಕ್ಸಿ, ಸ್ಕೀ ಪದಗಳ ಕೊನೆಯಲ್ಲಿ ಐ ಇದೆಯಲ್ಲ ಎಂದು ಕೇಳಬಹುದು. ಟ್ಯಾಕ್ಸಿ ಉದ್ದನೆಯ ಪದವೊಂದನ್ನು ಕತ್ತರಿಸಿದ್ದು, ಸ್ಕೀ ನಾರ್ವೆಯಿಂದ ಬಂದದ್ದು. ಮೊಟಕಾದವೂ ತಡವಾಗಿ ಬಂದವೂ ಈ ನಿಯಮಕ್ಕೆ ಸಿಗುವುದಿಲ್ಲ.

‘ಬೈ’ ಧ್ವನಿಯ ಮೂರು ಪದಗಳಲ್ಲಿ ಒಂದಕ್ಕೆ ಮಾತ್ರ ಸ್ವರಾಕ್ಷರವಿಲ್ಲದಿರುವುದಕ್ಕೂ ಕಾರಣವಿದೆ. ಇಂಗ್ಲಿಷಿನಲ್ಲಿ ನಾಮಪದ, ಕ್ರಿಯಾಪದಗಳಿಗೆ ಸಾಮಾನ್ಯವಾಗಿ ಕನಿಷ್ಠ ಮೂರು ಅಕ್ಷರ ಬೇಕು. ವಾಕ್ಯವನ್ನು ಜೋಡಿಸುವ ಪುಟ್ಟ ಪದಗಳಿಗೆ ಎರಡು ಸಾಕು. ‘ಇಂದ’ ಎಂಬ ಅರ್ಥದ ಬೈ ಜೋಡಿಸುವ ಪದ, ಬಿ-ವೈ. ಕೊಳ್ಳುವುದು ಕ್ರಿಯೆ, ಆದ್ದರಿಂದ ನಡುವೆ ಯು ಸೇರಿಸಿ ಬಿ-ಯು-ವೈ. ವಿದಾಯದ ಬೈಗೆ ಕೊನೆಯಲ್ಲಿ ಇ. ಮಕ್ಕಳಿಗೆ ಹೀಗೆ ಹೇಳಿಕೊಟ್ಟರೆ ಮೂರೂ ಕಲಸಿಹೋಗುವುದಿಲ್ಲ.

ಎರಡು ಉಸಿರಿನ ಪದದ ಕೊನೆಯಲ್ಲಿ ವೈ ‘ಇ’ ಎಂದು ಕೇಳಿಸುತ್ತದೆ: ಜಿಪ್ಸಿ, ಪಿಗ್ಮಿ, ಶೈಲಿ, ಸ್ಲೈಲಿ. ಈ ಕೊನೆಯ ಎರಡರಲ್ಲಿ ಮೊದಲ ವೈ ‘ಐ’, ಎರಡನೆಯದು ‘ಇ’. ಸ್ಲೈಲಿಯನ್ನು ‘ಸ್ಲಿಲಿ’ ಎಂದು ಓದುವವರು ಮೂಲಪದ ಸ್ಲೈ ಎಂಬುದನ್ನು ಮರೆತಿರುತ್ತಾರೆ. ಜಿಪ್ಸಿ ಬಗ್ಗೆ ಒಂದು ಎಚ್ಚರಿಕೆಯೂ ಬೇಕು. ರೋಮಾ ಸಮುದಾಯದ ಅನೇಕರು ಅದನ್ನು ಅವಮಾನದ ಮಾತೆಂದೇ ಪರಿಗಣಿಸುತ್ತಾರೆ. ಪದ ಗೊತ್ತಿರಲಿ, ಜನರನ್ನು ಕರೆಯುವಾಗ ರೋಮಾ ಎನ್ನಿ.

ವೈ ನಡುವೆ ಕೂತಾಗ

ನಿಜವಾದ ಕೆಲಸ ಇಲ್ಲಿದೆ. ಪದದ ನಡುವೆ ವೈ ಕಂಡರೆ ಅದು ಬಹುಪಾಲು ಗ್ರೀಕ್ ಮೂಲದ ಪದ. ಗ್ರೀಕರ ‘ಉಪ್ಸಿಲಾನ್’ ಅಕ್ಷರದ ಧ್ವನಿ ಲ್ಯಾಟಿನ್‌ನಲ್ಲಿ ಇರಲಿಲ್ಲ. ಗ್ರೀಕ್ ಪದಗಳನ್ನು ಬರೆಯಲೆಂದೇ ರೋಮನ್ನರು ವೈ ಮತ್ತು ಝಡ್ ಎರವಲು ತಂದು ತಮ್ಮ ಅಕ್ಷರಮಾಲೆಯ ಕೊನೆಗೆ ಸೇರಿಸಿಕೊಂಡರು. ಇಂದಿಗೂ ಅವೆರಡು ಕೊನೆಯಲ್ಲೇ ಇವೆ. ಗ್ರೀಕ್ ಮನೆತನದ ಪದಗಳಿಗೆ ಬೇರೆ ಗುರುತುಗಳೂ ಉಂಟು, ಆ ಗುರುತುಗಳೇ ನಿಮಗೆ ದಾರಿ ತೋರಿಸುತ್ತವೆ.

ಫ-ಕಾರ ಪಿ-ಎಚ್ ಆಗಿ ಬರೆಯುವಂತಿದ್ದರೆ ಪಕ್ಕದ ಗುಡಿಸು ಹೆಚ್ಚಾಗಿ ವೈ: ನಿಂಫ್, ಲಿಂಫ್, ಗ್ಲಿಫ್, ಸಿಲ್ಫ್. ಎಫ್‌ನಲ್ಲಿ ಬರೆಯುವ ಗಿಫ್ಟ್, ಲಿಫ್ಟ್ ಪದಗಳಲ್ಲಿ ಐ. ಇದೊಂದನ್ನು ಗಮನಿಸಿದರೆ ಅರ್ಧ ತೊಂದರೆ ಕಳೆಯಿತು. ಕ-ಕಾರ ಸಿ-ಎಚ್ ಆಗಿ ಬರುವುದು, ಮೊದಲಲ್ಲಿ ಮೂಕ ಪಿ ಇರುವುದು, ಆರ್ ಬೆನ್ನಿಗೆ ಎಚ್ ಅಂಟಿರುವುದು ಇವೂ ಅದೇ ಜಾತಿಯ ಗುರುತುಗಳು. ‘ಸೈಕ್’ ಪದದಲ್ಲಿ ಮೊದಲೆರಡೂ ಇವೆ: ಪಿ-ಎಸ್-ವೈ-ಸಿ-ಎಚ್. ಸೈಕಾಲಜಿಯ ಮೊಟಕು ರೂಪವಾದ್ದರಿಂದ ಅದರ ವೈ ಮಾತ್ರ ನಡುವಿದ್ದರೂ ‘ಐ’ ಎಂದೇ ಕೇಳಿಸುತ್ತದೆ. ಉಳಿದ ಕಡೆ, ನಡುವಿನ ವೈ ಮುಂದೆ ವ್ಯಂಜನ ನಿಂತು ಪದ ಮುಚ್ಚಿಕೊಂಡರೆ ಅದು ಗಿಡ್ಡ ‘ಇ’: ಮಿತ್, ಸಿಸ್ಟ್, ಕ್ರಿಪ್ಟ್, ಲಿಂಕ್ಸ್.

ಒಟ್ಟಿಗೆ, ಜೊತೆಗೆ ಎಂಬ ಅರ್ಥವಿದ್ದು ಪದ ‘ಸಿನ್’ ಅಥವಾ ‘ಸಿಮ್’ ಎಂದು ಶುರುವಾದರೆ ಎಸ್ ನಂತರ ವೈ. ಫೋನಿನ ಫೋಟೊ, ಕಾಂಟ್ಯಾಕ್ಟ್ ‘ಸಿಂಕ್’ ಆಗುವುದು ಎಸ್-ವೈ-ಎನ್-ಸಿ. ಎಸ್-ವೈ-ಎನ್-ಸಿ-ಎಚ್ ಎಂದು ಬರೆದರೂ ಸರಿ. ಪಾತ್ರೆ ತೊಳೆಯುವ ಸಿಂಕ್ ಬೇರೆ ಪದ, ಅದಕ್ಕೆ ಐ ಮತ್ತು ಕೆ. ಆರ್ಕೆಸ್ಟ್ರಾದ ಕೀಬೋರ್ಡಿನವರು ಹೇಳುವ ‘ಸಿಂತ್’ ಎಸ್-ವೈ-ಎನ್-ಟಿ-ಎಚ್.

ಗುರುತುಗಳು ಕೈಕೊಟ್ಟರೆ ಸಂಬಂಧಿಕರನ್ನು ಕೇಳಿ. ಪುಟ್ಟ ಪದದಲ್ಲಿ ಅನುಮಾನವಿದ್ದರೆ ಅದೇ ಕುಟುಂಬದ ದೊಡ್ಡ ಪದ ಬರೆದು ನೋಡಿ. ಜಿಮ್‌ಗೆ ಜಿಮ್ನಾಸ್ಟಿಕ್ಸ್, ಮಿತ್‌ಗೆ ಮಿಥಾಲಜಿ, ಕ್ರಿಪ್ಟ್‌ಗೆ ಈಗ ಎಲ್ಲರ ಬಾಯಲ್ಲಿರುವ ಕ್ರಿಪ್ಟೊ, ಲಿಂಫ್‌ಗೆ ವೈದ್ಯರು ಹೇಳುವ ಲಿಂಫಾಟಿಕ್. ಕನ್ನಡ ಯೂನಿಕೋಡ್, ಫಾಂಟ್ ಕೆಲಸ ಮಾಡುವವರು ಒತ್ತಕ್ಷರದ ಪ್ರತಿಯೊಂದು ಆಕಾರವನ್ನೂ ‘ಗ್ಲಿಫ್’ ಎನ್ನುತ್ತಾರೆ. ಅದರ ನೆಂಟ ಈಜಿಪ್ಟಿನ ಹೈರೋಗ್ಲಿಫ್.

ಮನೆತನದ ನಿಯಮಕ್ಕೆ ಸಿಗದವು ಕೆಲವು ಇವೆ, ಅವನ್ನು ಹಾಗೇ ನೆನಪಿಡಬೇಕು. ಲಿಂಚ್ ಅಮೆರಿಕದ ಒಬ್ಬರ ಮನೆತನದ ಹೆಸರಿನಿಂದ ಬಂದದ್ದು. ಜಿಪ್ಸಿ ‘ಈಜಿಪ್ಷಿಯನ್’ ಕುಗ್ಗಿ ಆದದ್ದು. ಟ್ರಿಸ್ಟ್ ಹಳೆ ಫ್ರೆಂಚಿನ ಕಡೆಯಿಂದ ಬಂದ ಪದ, ಗೊತ್ತು ಮಾಡಿಕೊಂಡ ಭೇಟಿ ಎಂದರ್ಥ. 1947ರ ಆಗಸ್ಟ್ 14ರ ಮಧ್ಯರಾತ್ರಿ ನೆಹರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಿಂದಾಗಿ ನಮ್ಮಲ್ಲಿ ಎಲ್ಲರೂ ಕೇಳಿರುವ ಪದ ಇದು. ಸ್ಪೆಲಿಂಗ್ ಟಿ-ಆರ್-ವೈ-ಎಸ್-ಟಿ. ನಂಬಿಕೆ ಎಂಬರ್ಥದ ‘ಟ್ರಸ್ಟ್’ ಜೊತೆ ಒಂದೇ ಅಕ್ಷರದ ವ್ಯತ್ಯಾಸ ಇರುವುದರಿಂದ ಬರೆಯುವಾಗ ಕೈ ಜಾರುತ್ತದೆ.

ಹೆಚ್ಚು ಕೈಕೊಡುವ ಮೂರು

ರಿದಮ್: ಆರ್-ಎಚ್-ವೈ-ಟಿ-ಎಚ್-ಎಂ. ಇಲ್ಲಿ ಗುಡಿಸು ಹುಡುಕುವ ವಿಧಾನವೂ ಅರ್ಧಕ್ಕೆ ನಿಲ್ಲುತ್ತದೆ. ‘ರಿ’ಯಲ್ಲಿ ಗುಡಿಸು ಇದೆ, ವೈ ಸಿಕ್ಕಿತು. ‘ದ’ದೊಳಗಿನ ಅಕಾರಕ್ಕೆ? ಇಂಗ್ಲಿಷಿನಲ್ಲಿ ಅಕ್ಷರವೇ ಇಲ್ಲ. ಕಿವಿಗೆ ಎರಡು ಉಸಿರು ಕೇಳಿಸುವುದು ಸರಿಯೇ. ಎರಡನೆಯದರ ಭಾರವನ್ನು ಎಂ ಒಂದೇ ಹೊರುತ್ತದೆ. ಪ್ರಿಸಮ್ ಎಂದು ನಾವು ಬರೆಯುವ ಪದದ ಕೊನೆಯಲ್ಲೂ ಬರೀ ಎಸ್-ಎಂ ಇರುವುದು ಇದೇ ಕಾರಣಕ್ಕೆ. ನಮಗೆ ‘ದ್ಮ್’ ಎಂದು ನಿಲ್ಲಿಸಿ ಅಭ್ಯಾಸವಿಲ್ಲ. ನಡುವೆ ಒಂದು ಅಕಾರ ಕೇಳಿಸುತ್ತದೆ, ಕೇಳಿಸಿದ್ದನ್ನು ಬರೆಯಲು ಹೋಗಿ ಇ, ಯು ಸೇರಿಬಿಡುತ್ತವೆ.

ಬರೆಯುವ ಕ್ರಮ ಹೀಗಿರಲಿ. ಪದವನ್ನು ಮೂರು ಮೂರು ಅಕ್ಷರದ ಎರಡು ತುಂಡು ಮಾಡಿ: ಆರ್-ಎಚ್-ವೈ, ಟಿ-ಎಚ್-ಎಂ. ಎರಡೂ ತುಂಡಿನ ನಡುವೆ ಎಚ್ ಇದೆ ಎಂದು ಗಮನಿಸಿ. ಮೊದಲು ಎರಡು ಎಚ್‌ಗಳನ್ನು ಜಾಗ ಬಿಟ್ಟು ಬರೆಯಿರಿ, ಆಮೇಲೆ ಅಕ್ಕಪಕ್ಕ ತುಂಬಿ. ಇಂಗ್ಲಿಷ್ ಶಾಲೆಗಳಲ್ಲಿ ಹೇಳಿಕೊಡುವ ‘ರಿದಮ್ ಹೆಲ್ಪ್ಸ್ ಯುವರ್ ಟೂ ಹಿಪ್ಸ್ ಮೂವ್’ ಎಂಬ ವಾಕ್ಯವೂ ಉಪಯೋಗಕ್ಕೆ ಬರುತ್ತದೆ, ಪ್ರತಿ ಪದದ ಮೊದಲಕ್ಷರ ತೆಗೆದರೆ ಸ್ಪೆಲಿಂಗ್ ಸಿಗುತ್ತದೆ. ರಿದಮ್ ಕಲಿತವರು ಆ ಜೋರಿನಲ್ಲೇ ‘ಅಲ್ಗಾರಿದಮ್’ಗೂ ವೈ ಹಾಕಿಬಿಡುವುದುಂಟು. ಅದು ಗಣಿತಜ್ಞ ಅಲ್-ಖ್ವಾರಿಜ್ಮಿ ಹೆಸರಿನಿಂದ ಬಂದ ಪದ. ಅದಕ್ಕೆ ಐ, ಆರ್ ನಂತರ ಎಚ್ ಕೂಡ ಇಲ್ಲ.

ಹಿಮ್: ಸ್ತುತಿಗೀತೆ ಎಂಬರ್ಥದ ಪದ ಎಚ್-ವೈ-ಎಂ-ಎನ್. ಕೊನೆಯ ಎನ್ ಮೂಕ. ಅದು ಇದೆಯೆಂದು ನೆನಪಿಡಲು ‘ಹಿಮ್ನಲ್’ ಎಂದು ಹೇಳಿ ನೋಡಿ, ಸ್ತುತಿಗೀತೆಗಳ ಪುಸ್ತಕಕ್ಕೆ ಆ ಹೆಸರು. ಅಲ್ಲಿ ಎನ್ ಬಾಯಿಬಿಡುತ್ತದೆ. ‘ಅವನನ್ನು’ ಎಂಬರ್ಥದ ಹಿಮ್ ಇದೇ ಧ್ವನಿ, ಸ್ಪೆಲಿಂಗ್ ಎಚ್-ಐ-ಎಂ. ಲಿಂಕ್ಸ್ ಪದಕ್ಕೂ ಇಂಥದೇ ಜೋಡಿ ಇದೆ. ಲಡಾಖಿನಲ್ಲಿ ಕಾಣುವ ಕಾಡುಬೆಕ್ಕಾದರೆ ಎಲ್-ವೈ-ಎನ್-ಎಕ್ಸ್, ಕೊಂಡಿಗಳಾದರೆ ಐ, ಎನ್, ಕೆ, ಎಸ್. ಡಿಕ್ಟೇಷನ್ ಕೊಡುವವರು ಇಂಥ ಪದಗಳನ್ನು ಒಂಟಿಯಾಗಿ ಹೇಳಬಾರದು. ವಾಕ್ಯದಲ್ಲಿಟ್ಟು ಹೇಳದಿದ್ದರೆ ಬರೆಯುವವರಿಗೆ ಯಾವುದೆಂದು ಗೊತ್ತಾಗಲು ದಾರಿಯೇ ಇಲ್ಲ.

ಮರ್: ಎಂ-ವೈ-ಆರ್-ಆರ್-ಎಚ್. ಕನ್ನಡ ಬೈಬಲಿನಲ್ಲಿ ‘ರಕ್ತಬೋಳ’ ಎಂದಿರುವ ಸುಗಂಧದ ಅಂಟು. ಇದರಲ್ಲಿ ಗುಡಿಸೂ ಇಲ್ಲ, ಐತ್ವವೂ ಇಲ್ಲ, ಆರ್ ಮುಂದೆ ಬಂದು ವೈ ಧ್ವನಿಯನ್ನೇ ಬದಲಿಸಿದೆ. ಧ್ವನಿಯಿಂದ ಸ್ಪೆಲಿಂಗ್ ಊಹಿಸುವುದು ಸಾಧ್ಯವಿಲ್ಲ. ಆದರೆ ಆರ್-ಆರ್-ಎಚ್ ಕಟ್ಟನ್ನು ನೀವು ಬೇರೆಡೆ ನೋಡಿದ್ದೀರಿ: ಡಯೇರಿಯಾ, ಹೆಮರೇಜ್ ಎರಡರ ಸ್ಪೆಲಿಂಗಿನಲ್ಲೂ ಅದೇ ಇದೆ. ಮೂರನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳಿ.

ರೂಪ ಬದಲಾದರೆ ಸ್ವರಾಕ್ಷರ ಮರಳುತ್ತದೆ

ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಬಹುವಚನದಲ್ಲಿ ಬರೀ ಎಸ್ ಸೇರುತ್ತದೆ: ಜಿಮ್ಸ್, ಹಿಮ್ಸ್, ಕ್ರಿಪ್ಟ್ಸ್, ಗ್ಲಿಫ್ಸ್, ರಿದಮ್ಸ್. ಸ್ವರಾಕ್ಷರ ಬರುವುದಿಲ್ಲ. ಲಿಂಕ್ಸ್ ಮಾತ್ರ ಎಕ್ಸ್‌ನಲ್ಲಿ ಮುಗಿಯುವುದರಿಂದ ಇ-ಎಸ್ ಬೇಡುತ್ತದೆ. ವೈಯಲ್ಲಿ ಮುಗಿಯುವವು ಐ-ಇ-ಎಸ್ ಆಗಿ ಬದಲಾಗುತ್ತವೆ: ಸ್ಕೈ, ಸ್ಪೈ, ಫ್ಲೈ, ಜಿಪ್ಸಿ ಎಲ್ಲವೂ. ಭೂತಕಾಲದಲ್ಲಿ ಟ್ರೈ, ಕ್ರೈ, ಡ್ರೈಗಳ ವೈ ಹೋಗಿ ಐ-ಇ-ಡಿ ಬರುತ್ತದೆ. ‘ಇಂಗ್’ ಸೇರಿದಾಗ ವೈ ಹಾಗೇ ಉಳಿಯುತ್ತದೆ, ಇಲ್ಲದಿದ್ದರೆ ಎರಡು ಐ ಪಕ್ಕಪಕ್ಕ ಬಂದುಬಿಡುತ್ತವೆ. ಡ್ರೈಲಿ ಪದವನ್ನು ವೈ ಬದಲು ಐ ಹಾಕಿಯೂ ಬರೆಯುತ್ತಾರೆ, ಎರಡೂ ನಿಘಂಟಿನಲ್ಲಿವೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಅಭ್ಯಾಸಕ್ಕೆ ಒಂದು ಪುಟವನ್ನು ಮೂರು ಕಂಬಸಾಲು ಮಾಡಿ. ಮೊದಲನೆಯದರಲ್ಲಿ ಕನ್ನಡ ಉಚ್ಚಾರ, ಎರಡನೆಯದರಲ್ಲಿ ಇಂಗ್ಲಿಷ್ ಸ್ಪೆಲಿಂಗ್, ಮೂರನೆಯದರಲ್ಲಿ ನೆಂಟ ಪದ. ದಿನಕ್ಕೆ ಐದು ಪದ ಸಾಕು. ಎರಡನೆಯ ಸಾಲನ್ನು ಮುಚ್ಚಿಟ್ಟು ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಬರೆದು ನೋಡಿ. ಒಂದೇ ದಿನ 30 ಪದ ಬರೆಸಿದರೆ ವೈ ಇರಬೇಕಾದಲ್ಲೂ ಇರಬಾರದಲ್ಲೂ ವೈ ಬೀಳತೊಡಗುತ್ತದೆ.

ವೈ ಕೂಡ ಇಲ್ಲದವು

ಇವುಗಳಲ್ಲಿ ನನಗೆ ಅತ್ಯಂತ ಇಷ್ಟವಾದವು ವೇಲ್ಸ್‌ನಿಂದ ಬಂದವು. ವೆಲ್ಷ್ ಭಾಷೆಯಲ್ಲಿ ಸ್ವರಾಕ್ಷರಗಳು ಏಳು: ನಮಗೆ ಗೊತ್ತಿರುವ ಐದರ ಜೊತೆಗೆ ಡಬ್ಲ್ಯೂ ಮತ್ತು ವೈ. ಅಲ್ಲಿ ಡಬ್ಲ್ಯೂ ‘ಉ’ ಅಥವಾ ‘ಊ’. ಹಾಗಾಗಿ ಸಿ-ಡಬ್ಲ್ಯೂ-ಎಂ ಎಂದರೆ ‘ಕೂಮ್’, ಹಿಮನದಿ ಕೊರೆದ ಬೋಗುಣಿಯಂಥ ಕಣಿವೆ. ಎವರೆಸ್ಟ್ ಹತ್ತುವವರು ಖುಂಬು ಹಿಮಪ್ರಪಾತ ದಾಟಿ ಮೊದಲ ಶಿಬಿರದಿಂದ ಎರಡನೆಯದಕ್ಕೆ ಹೋಗುವ ದಾರಿ ‘ವೆಸ್ಟರ್ನ್ ಕೂಮ್’. ಆ ಹೆಸರಿಟ್ಟವರು 1921ರ ಅನ್ವೇಷಣಾ ತಂಡದಲ್ಲಿದ್ದ ಜಾರ್ಜ್ ಮ್ಯಾಲರಿ. ಇನ್ನೊಂದು ಸಿ-ಆರ್-ಡಬ್ಲ್ಯೂ-ಟಿ-ಎಚ್, ‘ಕ್ರೂತ್’, ಕಮಾನಿನಿಂದ ನುಡಿಸುವ ಆರು ತಂತಿಯ ವೆಲ್ಷ್ ವಾದ್ಯ. ಎರಡಕ್ಕೂ ಬಹುವಚನದಲ್ಲಿ ಎಸ್ ಸೇರುತ್ತದೆ.

ಎನ್-ಟಿ-ಎಚ್ ಗಣಿತದ ಪದ, ಓದುವುದು ‘ಎನ್ತ್’. ಎನ್ ಎಂಬ ಸಂಖ್ಯೆಗೆ ‘ನೆಯ’ ಪ್ರತ್ಯಯ ಸೇರಿದ್ದು ಅಷ್ಟೇ.

ಉಳಿದವು ಬಾಯಿಂದ ಹೊರಡುವ ಸದ್ದುಗಳು. ಸುಮ್ಮನಿರಿಸಲು ಶ್, ಯೋಚಿಸುವಾಗ ಹ್ಮ್, ಚಳಿಗೆ ಬ್ರ್ರ್, ಗುಟ್ಟಾಗಿ ಕರೆಯಲು ಪ್ಸ್ಟ್. ಟಿ-ಎಸ್-ಕೆ ಎಂದರೆ ನಾವು ‘ಲೊಚಗುಟ್ಟುವುದು’ ಎನ್ನುವ ಸದ್ದು. ಇದು ಕ್ರಿಯಾಪದವೂ ಆಗುತ್ತದೆ, ಆದ್ದರಿಂದ ಕೊನೆಗೆ ಎಸ್ ಸೇರಿಸಬಹುದು. ಶ್, ಪ್ಸ್ಟ್‌ಗಳಿಗೆ ಬಹುವಚನವಿಲ್ಲ. ಕಥೆಯ ಸಂಭಾಷಣೆಯಲ್ಲಿ ಇವೆಲ್ಲ ಚೆಂದ, ಪರೀಕ್ಷೆಯ ಪ್ರಬಂಧದಲ್ಲಿ ಬೇಡ. ಮೆಸೇಜಿನಲ್ಲಿ ಸ್ವರ ಕಿತ್ತು ಬರೆಯುವ ಪ್ಲೀಸ್, ಥ್ಯಾಂಕ್ಸ್‌ಗಳೂ ಕಿಮೀ, ಡಾ. ಇಂಥ ಸಂಕ್ಷೇಪಗಳೂ ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಪದದ ಗುರುತುಗಳು ಮಾತ್ರ.

ವರ್ಡಲ್‌ನಲ್ಲಿ

ಗುಟ್ಟಾಗಿರುವ ಪದವನ್ನು ಊಹಿಸುವ ಆಟ: ಐದಕ್ಷರ, ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಜಾಗ ಬೇರೆಯಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು. ಬಹಳಷ್ಟು ಜನ ‘ಅಡ್ಯೂ’ ಪದದಿಂದ, ಎಂದರೆ ಎ-ಡಿ-ಐ-ಇ-ಯುದಿಂದ ಶುರುಮಾಡುತ್ತಾರೆ. ಐದೂ ಬೂದು ಬಣ್ಣವಾದರೆ ಗಾಬರಿಯಾಗಿ ಇದ್ದಬದ್ದ ಪದ ಹೊಡೆಯುವುದೇ ಇಲ್ಲಿ ಆಗುವ ತಪ್ಪು. ಉಳಿದಿರುವುದು ಓ ಮತ್ತು ವೈ ಎರಡೇ. ಎರಡನ್ನೂ ಒಟ್ಟಿಗೆ ಪರೀಕ್ಷಿಸುವ ‘ಸ್ಟೋರಿ’ ಹಾಕಿ, ಎಸ್-ಟಿ-ಓ-ಆರ್-ವೈ. ಜೊತೆಗೆ ಮೂರು ಮುಖ್ಯ ವ್ಯಂಜನಗಳೂ ತಿಳಿಯುತ್ತವೆ.

ಓ ಬೂದು, ವೈ ಹಸಿರು ಬಂದರೆ ವೈ ಕೊನೆಯಲ್ಲೇ ಇದೆ. ಎಸ್ ಕೂಡ ಹಸಿರಾದರೆ ಶೈಲಿ ಅಥವಾ ಸ್ಲೈಲಿ ನೋಡಿ. ಆರ್ ಹಳದಿಯಾದರೆ ಮೂಕ ಡಬ್ಲ್ಯೂ ಇರುವ ರೈಲಿ. ಎಸ್ ಹಳದಿಯಾದರೆ ಜಿಪ್ಸಿ. ವೈ ಬಿಟ್ಟು ಬೇರೇನೂ ಹೊಳೆಯದಿದ್ದರೆ ಪಿಗ್ಮಿ ಅಥವಾ ಫ್ಲೈಬೈ.

ಓ ಬೂದು, ವೈ ಹಳದಿ ಎಂದರೆ ವೈ ನಡುವೆ ಇದೆ. ಎಸ್, ಟಿ, ಆರ್ ಮೂರೂ ಹಳದಿಯಾದರೆ ಟ್ರಿಸ್ಟ್. ಟಿ, ಆರ್ ಮಾತ್ರ ಹಳದಿಯಾದರೆ ಕ್ರಿಪ್ಟ್. ಆರ್ ಹಸಿರಾದರೆ ಮರ್. ಎಸ್ ಹಸಿರಾಗಿ ಟಿ ಹಳದಿಯಾದರೆ ಸಿಂತ್, ಎಸ್ ಮಾತ್ರ ಹಸಿರಾಗಿ ಟಿ ಬೂದಾದರೆ ಸಿಲ್ಫ್. ಕಷ್ಟ ಇರುವುದು ವೈ ಒಂದೇ ಹಳದಿಯಾಗಿ ಮಿಕ್ಕ ನಾಲ್ಕೂ ಬೂದಾದಾಗ. ಆಗ ನಿಂಫ್, ಲಿಂಫ್, ಲಿಂಚ್, ಗ್ಲಿಫ್ ನಾಲ್ಕೂ ಕಣದಲ್ಲಿರುತ್ತವೆ, ಒಂದೊಂದಾಗಿ ಹಾಕಿದರೆ ಅವಕಾಶಗಳೇ ಮುಗಿಯುತ್ತವೆ. ಮೊದಲು ಎಲ್-ವೈ-ಎಂ-ಪಿ-ಎಚ್ ಹಾಕಿ. ಮೊದಲ ಅಕ್ಷರ ಮಾತ್ರ ಬೂದಾಗಿ ಉಳಿದ ನಾಲ್ಕು ಹಸಿರಾದರೆ ಉತ್ತರ ನಿಂಫ್. ನಡುವಿನ ಎಂ, ಪಿ ಬೂದಾಗಿ ಉಳಿದವು ಹಸಿರಾದರೆ ಲಿಂಚ್. ಎಲ್, ವೈ ಹಳದಿಯಾಗಿ ಪಿ, ಎಚ್ ಹಸಿರಾದರೆ ಗ್ಲಿಫ್. ಒಂದೇ ಏಟಿಗೆ ನಾಲ್ಕೂ ಬೇರೆಯಾಗುತ್ತವೆ, ನಾಲ್ಕನೆಯ ಸರದಿಗೆ ಆಟ ಮುಗಿಯುತ್ತದೆ.

ಸ್ಕ್ರ್ಯಾಬಲ್‌ನಲ್ಲಿ

ಅಕ್ಷರದ ಬಿಲ್ಲೆ ಜೋಡಿಸಿ ಬೋರ್ಡಿನ ಮೇಲೆ ಪದ ಕಟ್ಟುವ ಈ ಆಟದ ಇಂಗ್ಲಿಷ್ ಸೆಟ್ಟಿನ 100 ಬಿಲ್ಲೆಗಳಲ್ಲಿ ಎ, ಇ, ಐ, ಓ, ಯು ಸೇರಿ 42. ವೈ ಎರಡೇ, ಡಬ್ಲ್ಯೂ ಎರಡು, ಎಚ್ ಎರಡು, ಖಾಲಿ ಬಿಲ್ಲೆ ಎರಡು. ಸ್ವರವೇ ಇಲ್ಲದ ಏಳು ಬಿಲ್ಲೆ ಕೈಗೆ ಬರುವುದೂ ಉಂಟು. ಆಗ ಮೊದಲು ವೈ ಇದೆಯೇ ನೋಡಿ, ಇಲ್ಲದಿದ್ದರೆ ಎಚ್. ಎಚ್ ಜೊತೆ ಎಂ ಇದ್ದರೆ ಎಚ್-ಎಂ, 7 ಅಂಕ. ಎಸ್ ಇದ್ದರೆ ಎಸ್-ಎಚ್, 5 ಅಂಕ. ಎರಡು ಎಂ ಇದ್ದರೆ ಎಂ-ಎಂ, 6 ಅಂಕ. ಬಿ-ವೈ, ಎಂ-ವೈ ತಲಾ 7. ಈ ಪುಟ್ಟ ಪದಗಳ ನಿಜವಾದ ಬೆಲೆ ತಿಳಿಯುವುದು ಬೋರ್ಡಿನ ಮೇಲಿರುವ ಪದಕ್ಕೆ ಸಮಾನಾಂತರವಾಗಿ ಇನ್ನೊಂದು ಪದ ಇಡುವಾಗ. ಅಡ್ಡಡ್ಡಲಾಗಿ ಆಗುವ ಎರಡಕ್ಷರಗಳೆಲ್ಲ ಪದವಾಗಿರಬೇಕು, ಅಲ್ಲಿ ಇವು ಕೈಹಿಡಿಯುತ್ತವೆ. ಭಾರತದ ಸ್ಪರ್ಧೆಗಳಲ್ಲಿ ಬಳಸುವ ಕಾಲಿನ್ಸ್ ಪಟ್ಟಿಯಲ್ಲಿ ಎಸ್-ಟಿ, ಸಿ-ಎಚ್, ಎನ್-ವೈ, ಕೆ-ವೈ, ಎಫ್-ವೈ ಕೂಡ ಇವೆ. ಉತ್ತರ ಅಮೆರಿಕದ ಪಟ್ಟಿಯಲ್ಲಿ ಇವು ಐದೂ ಇಲ್ಲ. ಆಟ ಶುರುವಾಗುವ ಮೊದಲೇ ಯಾವ ಪಟ್ಟಿ ಎಂದು ಮಾತಾಡಿಕೊಳ್ಳದಿದ್ದರೆ ಜಗಳ ಖಾತ್ರಿ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಮೊದಲ ಆಟ ನಿಮ್ಮದು, ಬಂದಿರುವುದು ಸಿ, ಎಚ್, ಎಂ, ಆರ್, ಎಸ್, ಟಿ, ಡಬ್ಲ್ಯೂ. ಹೆಚ್ಚಿನವರು ಬಿಲ್ಲೆ ಬದಲಿಸುತ್ತಾರೆ, ಒಂದು ಸರದಿ ಹಾಳು. ಇದರೊಳಗೆ ಕ್ರೂತ್ ಇದೆ. ಐದಕ್ಷರದ ಬೆಲೆ 13. ಕೊನೆಯ ಎಚ್ ನಡುವಿನ ನಕ್ಷತ್ರದ ಮೇಲೆ ಬರುವಂತೆ ಇಟ್ಟರೆ ಮೊದಲ ಸಿ ಅಕ್ಷರ ದುಪ್ಪಟ್ಟಾಗುವ ಚೌಕದ ಮೇಲೆ ಬೀಳುತ್ತದೆ: 16. ನಕ್ಷತ್ರ ಇಡೀ ಪದವನ್ನು ದುಪ್ಪಟ್ಟು ಮಾಡುತ್ತದೆ: 32. ಎಸ್ ಸೇರಿಸಿದರೆ 34 ಆಗುತ್ತದೆ ನಿಜ. ಆದರೆ ಬರೀ ಎರಡು ಅಂಕಕ್ಕೆ ಎಸ್ ಕಳೆಯಬೇಡಿ. ಇಡೀ ಚೀಲದಲ್ಲಿ ನಾಲ್ಕೇ ಎಸ್ ಇರುವುದು. ಕೈಯಲ್ಲಿಟ್ಟುಕೊಂಡರೆ ಮುಂದಿನ ಸರದಿಯಲ್ಲಿ ಕ್ರೂತ್‌ನ ಕೊನೆಗೆ ಅದೇ ಎಸ್ ಅಂಟಿಸಿ, ಅದರ ಮೂಲಕ ಲಂಬವಾಗಿ ಹೊಸ ಪದ ಇಳಿಸಬಹುದು, ಎರಡೂ ಪದದ ಅಂಕ ಸಿಗುತ್ತದೆ.

ಏನೂ ಹೊಂದದಿದ್ದಾಗ ಬದಲಿಸುವುದೇ ಸರಿ, ಆದರೆ ಚೀಲದಲ್ಲಿ ಕನಿಷ್ಠ ಏಳು ಬಿಲ್ಲೆ ಇರುವಾಗ ಮಾತ್ರ ಅದಕ್ಕೆ ಅವಕಾಶ. ಬದಲಿಸುವಾಗ ವಿ ಮೊದಲು ಹೋಗಲಿ. ಎರಡಕ್ಷರದ ಪದ ಒಂದರಲ್ಲೂ ವಿ ಇಲ್ಲ. ಎಸ್ ಮತ್ತು ಎಚ್ ಉಳಿಸಿಕೊಳ್ಳಿ.

ಬಿಲ್ಲೆಗಳ ಸಂಖ್ಯೆಯೇ ಕೆಲವು ಪದಗಳಿಗೆ ಅಡ್ಡ ಬರುತ್ತದೆ. ರಿದಮ್ಸ್ ಏಳಕ್ಷರದ ಪದ, 18 ಅಂಕದ ಮೇಲೆ ಏಳೂ ಬಿಲ್ಲೆ ಇಳಿಸಿದ್ದಕ್ಕೆ 50 ಬೋನಸ್. ಆದರೆ ಎರಡೂ ಎಚ್ ನಿಮ್ಮ ಬಳಿಯೇ ಇರಬೇಕು. ಸಿಝಿಜಿಗೆ ಮೂರು ವೈ ಬೇಕು, ಸೆಟ್ಟಿನಲ್ಲಿರುವುದು ಎರಡು, ಮೂರನೆಯದಕ್ಕೆ ಖಾಲಿ ಬಿಲ್ಲೆಯೇ ಗತಿ. ಆಗಲೂ 21 ಅಂಕ ಬರುವುದರಿಂದ ಒಳ್ಳೆಯ ಚೌಕ ಸಿಕ್ಕರೆ ಇಡಬಹುದು. ಟಿ-ಎಸ್-ಕೆ ಎರಡು ಸಲ ಬಂದು ಆಗುವ ‘ಟಿಸ್ಕ್‌ಟಿಸ್ಕ್’ ಪದಕ್ಕೆ ಎರಡು ಕೆ ಬೇಕು, ಇರುವುದು ಒಂದೇ. ನಿದ್ದೆಯ ಗೊರಕೆ ತೋರಿಸುವ ಮೂರು ಝಡ್‌ಗಳ ಪದವೂ ಪಟ್ಟಿಯಲ್ಲಿದೆ, ಅದಕ್ಕೆ ಒಂದೇ ಒಂದು ಝಡ್ ಜೊತೆಗೆ ಎರಡೂ ಖಾಲಿ ಬಿಲ್ಲೆ ಸುರಿಯಬೇಕು, ಸಿಗುವುದು 10 ಅಂಕ. ಆಟದ ಕೊನೆಯಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಹೊರತು ಅದನ್ನು ಇಡಬೇಡಿ. ಖಾಲಿ ಬಿಲ್ಲೆ ಕೈಯಲ್ಲಿದ್ದರೆ 50ರ ಬೋನಸ್ ಬರುವ ಸಾಧ್ಯತೆ ಅದಕ್ಕಿಂತ ಎಷ್ಟೋ ಬೆಲೆಯದು.